ಇಳಿಜಾರಿಲ್ಲದ ಊರಿಗೆ ಜೀಪಿನಲ್ಲಿ

ನಮ್ಮಪ್ಪನಿಗೆ ಊರುಗಳು ನೆನಪಿರುತ್ತಿದ್ದುದು ಇಳಿಜಾರಿನಿಂದ. ಹುಣಸೂರು ಅಂದರೆ ಬೇರೆಯವರಿಗೆ ಸಂತೆ, ಆಸ್ಪತ್ರೆ, ಬಸ್ ಸ್ಟ್ಯಾಂಡು. ಅಪ್ಪನಿಗೆ ಗೊಬ್ಬರದ ಅಂಗಡಿ ಪಕ್ಕದ ಇಳಿಜಾರು. ಪಿರಿಯಾಪಟ್ಟಣದಲ್ಲಿ ತಾಲ್ಲೂಕು ಕಚೇರಿಯ ಕೆಲಸವಿದ್ದರೂ ಜೀಪು ನಿಲ್ಲುತ್ತಿದ್ದುದು ಅರ್ಧ ಮೈಲಿ ಆಚೆ, ರಸ್ತೆ ಬಾಗುವ ಕಡೆ. ಎಚ್.ಡಿ. ಕೋಟೆಯಲ್ಲಿದ್ದ ನನ್ನ ಸೋದರತ್ತೆಯ ಮನೆ ಮುಂದೆ ಒಳ್ಳೇ ಇಳಿಜಾರಿತ್ತು, ಅವರ ಮನೆಗೆ ತಿಂಗಳಿಗೊಂದು ಸಲ ಹೋಗುತ್ತಿದ್ದೆವು. ಅಮ್ಮನ ಸ್ವಂತ ತಂಗಿ ಕೆ.ಆರ್. ನಗರದ ನಾಲೆ ಬಯಲಿನಲ್ಲಿದ್ದಳು. ನಾನು ಹೈಸ್ಕೂಲು ಮುಗಿಸುವಷ್ಟರಲ್ಲಿ ಅಲ್ಲಿಗೆ ಹೋಗಿದ್ದು ಎರಡೇ ಸಲ, ಎರಡು ಸಲವೂ ಬಸ್ಸಿನಲ್ಲಿ. "ನಿಮ್ಮಪ್ಪಂಗೆ ನಮ್ ಕಡೆಯೋರು ಅಂದ್ರೆ ಅಷ್ಟಕ್ಕಷ್ಟೆ" ಎಂದು ಅಮ್ಮ ವರ್ಷಗಟ್ಟಲೆ ಮುಖ ಗಂಟು ಹಾಕಿಕೊಂಡಿದ್ದಳು. ಪಾಪ, ಅಪ್ಪನಿಗೆ ಹೆಂಡತಿ ಕಡೆಯವರ ಮೇಲೆ ಯಾವ ಕೋಪವೂ ಇರಲಿಲ್ಲ. ಅವರ ಊರು ಸಪಾಟಾಗಿತ್ತು, ಅಷ್ಟೆ.

ನಮ್ಮ ಜೀಪಿಗೆ ಸೆಲ್ಫ್ ಇರಲಿಲ್ಲ. ಕೀ ತಿರುಗಿಸಿದರೆ ಕೆಂಪು ದೀಪ ಹತ್ತುತ್ತಿತ್ತು, ಆಮೇಲೆ ಏನೂ ಆಗುತ್ತಿರಲಿಲ್ಲ. ಅದಕ್ಕೇ ಅದನ್ನು ಯಾವಾಗಲೂ ಮೂತಿ ಕೆಳಗೆ ಮಾಡಿ ಇಳಿಜಾರಿನಲ್ಲಿ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಹೊರಡುವಾಗ ಕಲ್ಲು ತೆಗೆದರೆ ತಾನಾಗಿ ಉರುಳುತ್ತದೆ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಒಂದು ಸಲ ಮುಗ್ಗರಿಸಿ ಹತ್ತಿಕೊಳ್ಳುತ್ತದೆ. ಬೆಟ್ಟದಪುರದ ಬೆಟ್ಟದ ಬುಡದಲ್ಲಿರುವ ನಮ್ಮ ಊರಿನಲ್ಲಿ ಇಳಿಜಾರಿಗೆ ಬರವಿಲ್ಲ. ಮನೆಯಿಂದ ಹೊಲಕ್ಕೆ ಇಳಿಜಾರು, ಹೊಲದಿಂದ ಕೆರೆಗೆ ಇಳಿಜಾರು. ಹುಣಸೂರಿನ ಮೆಕ್ಯಾನಿಕ್ಕು ಸೆಲ್ಫನ್ನು ಮೂರು ಸಲ ರಿಪೇರಿ ಮಾಡಿ ಕೊಟ್ಟಿದ್ದ. ಮೂರನೇ ಸಲ ಅದು ಒಳಗಿನ ಹಲ್ಲುಗಳನ್ನೇ ಕಡಿದು ಹಾಕಿದಾಗ, ಇಂಜಿನ್ನು ಗೇರ್ ಬಾಕ್ಸು ಎಲ್ಲಾ ಕೆಳಗಿಳಿಸಬೇಕು ಅಂದ. "ದೇವ್ರು ಕೊಟ್ಟಿರೋ ಇಳಿಜಾರಿರ್ವಾಗ ಸೆಲ್ಫ್ ಯಾಕ್ಲಾ?" ಎಂದು ಅಪ್ಪ ಜೀಪನ್ನು ತಳ್ಳಿಸಿಕೊಂಡು ಬಂದುಬಿಟ್ಟ.

ತೊಂಬತ್ತರ ದಶಕದ ಶುರುವಿನಲ್ಲಿ ಹೊಗೆಸೊಪ್ಪಿಗೆ ಒಳ್ಳೇ ರೇಟು ಬಂದ ಒಂದು ವರ್ಷ ಅಪ್ಪ ಈ ಜೀಪನ್ನು ತಂದಿದ್ದ. ವೀರನಹೊಸಹಳ್ಳಿ ಕಡೆ ಮರ ಸಾಗಿಸುತ್ತಿದ್ದ ಒಬ್ಬ ಕಂಟ್ರಾಕ್ಟರು ಅದನ್ನು ಮಿಲಿಟರಿ ಹರಾಜಿನಲ್ಲಿ ಹಿಡಿದು, ಸಾಕಾಗುವಷ್ಟು ಗೋಳಾಡಿಸಿ, ಅಪ್ಪನಿಗೆ ದಾಟಿಸಿದ್ದ. ಆಮೇಲೆ ಅದರ ಒಂದೊಂದೇ ಅಂಗ ಬದಲಾಗುತ್ತಾ ಬಂತು. ಪೆಟ್ರೋಲ್ ಇಂಜಿನ್ನು ಹೋಗಿ ಎಂಥದೋ ಟೆಂಪೋದ ಡೀಸೆಲ್ ಇಂಜಿನ್ನು ಬಂತು, ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿ ಹತ್ತಿಸುವುದೂ ಅಲ್ಲಿಗೆ ಮುಗಿಯಿತು. ಸೀಟುಗಳು ಹಳೇ ಬಸ್ಸಿನವು, ಹಾರನ್ನು ಲಾರಿಯದು. ಮೇಲಿನ ಹುಡ್ಡನ್ನು ಹೊಗೆಸೊಪ್ಪಿನ ಬೇಲು ಮುಚ್ಚುವ ಟಾರ್ಪಾಲಿನಲ್ಲಿ ಹೊಲಿಸಿದ್ದು. ಮಡ್‌ಗಾರ್ಡುಗಳನ್ನು ಹುಣಸೂರಿನ ವೆಲ್ಡಿಂಗ್ ಅಂಗಡಿಯವನು ಕಣ್ಣಳತೆಯಲ್ಲಿ ಮಾಡಿದ್ದರಿಂದ ಎಡಗಡೆಯದು ಬಲಗಡೆಯದಕ್ಕಿಂತ ನಾಲ್ಕು ಬೆರಳು ದೊಡ್ಡದು. ಕಂಪನಿಯದು ಅಂತ ಕೊನೆಗೆ ಉಳಿದದ್ದು ಬಾನೆಟ್ಟು, ಅದರ ಮೇಲೆ ಉಬ್ಬಕ್ಷರದಲ್ಲಿದ್ದ ಹೆಸರು, ಮತ್ತು ಅಪ್ಪನ ಅಭಿಮಾನ. "ಒರಿಜಿನಲ್ ಕಣ್ರೀ" ಎಂದು ಬಂದವರಿಗೆಲ್ಲ ಬಾನೆಟ್ಟು ತಟ್ಟಿ ತೋರಿಸುತ್ತಿದ್ದ.

ಈಗ ಹಳೇ ಜೀಪು ಅಂದರೆ ಜನ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಹಳೇದರ ಗಟ್ಟಿತನ ಹೊಸದಕ್ಕಿಲ್ಲ ಅಂತ ನನ್ನ ಮುಂದೆಯೇ ಭಾಷಣ ಮಾಡುತ್ತಾರೆ. ಹಾಗೆ ಅನ್ನುವವರು ಯಾರೂ ಅದರ ಹಿಂದಿನ ಸೀಟಿನಲ್ಲಿ ಕೂತು ಹುಣಸೂರಿಗೆ ಹೋದವರಲ್ಲ. ಮಳೆ ಬಂದರೆ ಹೊರಗಿಗಿಂತ ಒಳಗೇ ಜಾಸ್ತಿ ನೆನೆಯುತ್ತಿದ್ದೆವು. ಬ್ರೇಕಿನ ವಿಷಯ ಹೇಳಬಾರದು, ಎದುರಿಗೆ ದನ ಕಂಡರೆ ಅಪ್ಪ ಬ್ರೇಕಿಗಿಂತ ಮೊದಲು ದನಕ್ಕೆ ಕೂಗಿ ಹೇಳುತ್ತಿದ್ದ. ಅದು ಎಲ್ಲಿಗೆ ಬೇಕಾದರೂ ಹತ್ತುತ್ತಿತ್ತು, ಎಷ್ಟು ಬೇಕಾದರೂ ಹೊರುತ್ತಿತ್ತು, ಅದು ನಿಜ. ಕತ್ತೆಯೂ ಹೊರುತ್ತದೆ. ಆದರೂ ನನಗೆ ಅದರ ಮೇಲೆ ಪ್ರೀತಿ ಇತ್ತು ಅನ್ನುವುದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ. ನಾನು ಒಬ್ಬಳೇ ಮಗಳು. ಅಣ್ಣ ತಮ್ಮ ಅಂತ ಯಾರೂ ಇಲ್ಲದ್ದರಿಂದ ಕಲ್ಲು ಕೊಡುವುದು, ಕಲ್ಲು ತೆಗೆಯುವುದು, ಹಿಂದಿನಿಂದ ತಳ್ಳುವುದು, ಎಲ್ಲಾ ನನ್ನ ಪಾಲಿಗೇ ಬಂದಿತ್ತು. ಜೊತೆಗೆ ಇನ್ನೊಂದು ಕೆಲಸ. ಇಂಜಿನ್ನನ್ನು ಅದರ ಪಾಡಿಗೆ ಬಿಟ್ಟರೆ ಎರಡು ನಿಮಿಷಕ್ಕೆ ಕೆಮ್ಮಿ ನಿಂತುಹೋಗುತ್ತಿತ್ತು. ಸಪಾಟು ಜಾಗದಲ್ಲಿ ಅಪ್ಪ ಇಳಿದು ಎಲ್ಲಿಗಾದರೂ ಹೋಗಬೇಕಾದರೆ, ಯಾರಾದರೂ ಡ್ರೈವರ್ ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಮೇಲೆ ಹದವಾಗಿ ಕಾಲಿಟ್ಟಿರಬೇಕು. ಆ ಹದ ಅಪ್ಪನನ್ನು ಬಿಟ್ಟರೆ ನನ್ನ ಕಾಲಿಗೆ ಮಾತ್ರ ಗೊತ್ತಿತ್ತು.

ನಾನು ಹುಣಸೂರಿನಲ್ಲಿ ಡಿಗ್ರಿ ಮುಗಿಸಿ ಮನೆಗೆ ಬಂದ ಮೇಲೆ ಗಂಡು ನೋಡಲು ಶುರುವಾಯಿತು. ಕೆ.ಆರ್. ನಗರದ ಕಡೆಯಿಂದ ಸಾಲಾಗಿ ಮೂರು ಸಂಬಂಧ ಬಂದವು. ನೀರಾವರಿ ಜಮೀನು, ಓದಿದ ಹುಡುಗರು. ಅಪ್ಪ ಮೊದಲನೆಯದಕ್ಕೆ ಆ ಊರಲ್ಲಿ ಸೊಳ್ಳೆ ಅಂದ. ಎರಡನೆಯದಕ್ಕೆ ನೀರು ಉಪ್ಪು ಅಂದ. ಮೂರನೆಯದಕ್ಕೆ ಏನೂ ಹೊಳೆಯದೆ, "ಆ ಊರ್ನಾಗೆ ಗಾಳಿ ಸರಿಯಾಗಿ ಆಡಾಕಿಲ್ಲ" ಅಂದ. ಅಮ್ಮ ಆವತ್ತು ಸೌಟು ಕೆಳಗಿಟ್ಟು, "ಗಾಳಿ ಆಡಾಕಿಲ್ವೋ, ಜೀಪು ಉರುಳಾಕಿಲ್ವೋ?" ಎಂದು ಕೇಳಿದಳು. ಅಪ್ಪ ಹೊಗೆಸೊಪ್ಪಿನ ಮಡಿಗೆ ನೀರು ಬಿಡುವುದಿದೆ ಎಂದು ಎದ್ದು ಹೋದ. ಆವತ್ತು ಮಡಿಗಳಿಗೆ ನೀರು ಬಿಡುವ ಸರದಿಯೇ ನಮ್ಮದಾಗಿರಲಿಲ್ಲ.

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಒಂದು ದಿನ ಪೇಪರಿನಲ್ಲಿ ಪುಟ ತುಂಬಾ ಒಂದು ಜಾಹೀರಾತು ಬಂತು. ಎಂದೋ ನಿಂತುಹೋಗಿದ್ದ ನಮ್ಮ ಜೀಪಿನ ಹೆಸರನ್ನೇ ಕಂಪನಿಯವರು ಮತ್ತೆ ಎತ್ತಿಕೊಂಡಿದ್ದರು. ಅದೇ ಹೆಸರು, ಅದೇ ದುಂಡು ದೀಪ, ಅದೇ ಮೂತಿ, ಬಂಡೆಯೊಂದರ ಮೇಲೆ ನಿಂತ ಹೊಸಾ ಜೀಪು. ಅಪ್ಪನಿಗೆ ಹಿಡಿಸಲಾರದಷ್ಟು ಸಂತೋಷ. "ನೋಡ್ದಾ? ನಮ್ ಗಾಡಿ ಇಲ್ದೆ ಅವ್ರ್ಗೆ ಬೇಳೆ ಬೇಯ್ಲಿಲ್ಲ!" ಎಂದು ಪೇಪರು ಹಿಡಿದು ಊರೆಲ್ಲಾ ತಿರುಗಿದ. ಮರುವಾರವೇ ಮಡಿ ಪಂಚೆ ಉಟ್ಟು, ನನ್ನನ್ನೂ ಕೂರಿಸಿಕೊಂಡು ಮೈಸೂರಿನ ಷೋರೂಮಿಗೆ ಹೊರಟ. ಇಳಿಜಾರು ಸಿಕ್ಕ ಕಡೆ ಜೀಪು ನಿಲ್ಲಿಸಿ ಅಲ್ಲಿಂದ ಮುಕ್ಕಾಲು ಗಂಟೆ ನಡೆದೆವು.

ಷೋರೂಮಿನ ಹುಡುಗ ಟೈ ಕಟ್ಟಿಕೊಂಡಿದ್ದ, ಮರ್ಯಾದೆಯಿಂದ ಎಲ್ಲಾ ತೋರಿಸಿದ. ಅಪ್ಪ ಮುಂದಿನಿಂದ ಬಗ್ಗಿ ನೋಡಿ, "ಹ್ಯಾಂಡ್ಲು ಹಾಕಿ ತಿರುಗ್ಸೋ ತೂತು ಎಲ್ಲೈತೆ?" ಎಂದು ಕೇಳಿದ. ಹುಡುಗನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಬಾಗಿಲಿಗೆ ಗಾಜು, ಗಾಜು ಏರಿಸಲು ಗುಂಡಿ, ಹಾಡು ಕೇಳಲು ಪೆಟ್ಟಿಗೆ, ಎಲ್ಲವನ್ನೂ ಅಪ್ಪ ಹೇಗೋ ಸಹಿಸಿಕೊಂಡ. ಎರಡು ಸೀಟಿನ ನಡುವೆ ಲೋಟ ಇಡಲು ಮಾಡಿದ್ದ ಗುಳಿಯನ್ನು ಕಂಡಾಗ ಮಾತ್ರ ತಡೆಯಲಾಗಲಿಲ್ಲ. "ಕಾಪಿ ಕುಡ್ಕಂಡು ಓಗಾಕೆ ಇದೇನು ಜೀಪಾ, ಓಟ್ಲಾ?" ಎಂದು ಎದ್ದು ಬಂದವನು ಊರು ಮುಟ್ಟುವವರೆಗೆ ಬೈದ. ಆವತ್ತಿನಿಂದ ಆ ಗಾಡಿಯನ್ನು ಕೊಂಡವರೆಲ್ಲಾ ಅಪ್ಪನ ಬಾಯಲ್ಲಿ ಹೆಸರು ಕದ್ದವರು.

ಇದಾದ ಕೆಲವು ತಿಂಗಳಿಗೆ ಅಮ್ಮನ ಅಣ್ಣ, ನನ್ನ ಸೋದರಮಾವ, ಇನ್ನೊಂದು ಸಂಬಂಧ ತಂದರು. ಭೇರ್ಯದ ಹತ್ತಿರದ ಹಳ್ಳಿ. ಹುಡುಗ ಊರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿ, ಮನೆಯಲ್ಲಿ ಗದ್ದೆ ಇದೆ. ಗದ್ದೆ ಕೆಲಸ ಬಿಟ್ಟು ಅವನ ತಂದೆ ತಾಯಿ ಬರಲಾಗದೆ, ಹುಡುಗನೂ ಅವರ ಕಡೆಯ ಇಬ್ಬರು ಹೆಂಗಸರೂ ನನ್ನನ್ನು ನೋಡಲು ಬಸ್ಸಿನಲ್ಲಿ ಬಂದರು. ಅವರ ಗಾಡಿ ಸರ್ವೀಸಿಗೆ ಹೋಗಿ ಎಂಥದೋ ಸಾಮಾನು ಬರಬೇಕು ಅಂತ ಒಂದು ವಾರದಿಂದ ಮೈಸೂರಿನಲ್ಲೇ ನಿಂತಿದೆಯಂತೆ. ಯಾವ ಗಾಡಿ ಅಂತ ನಾವು ಕೇಳಲಿಲ್ಲ. ಸಂಜೆ ಅವರನ್ನು ಬೆಟ್ಟದಪುರದ ಬಸ್ಸಿಗೆ ಬಿಡಲು ಅಪ್ಪ ಜೀಪು ಹತ್ತಿದಾಗ, ಎಲ್ಲರೂ ಕೂತ ಮೇಲೆ ಆ ಹುಡುಗ ಕೆಳಗಿಳಿದು ಚಕ್ರದ ಕಲ್ಲನ್ನು ತೆಗೆದ. ತೆಗೆದವನು ರಸ್ತೆ ಬದಿಗೆ ಎಸೆಯಲಿಲ್ಲ, ಮಣ್ಣು ಕೊಡವಿ ಸೀಟಿನ ಕೆಳಗೆ ಇಟ್ಟುಕೊಂಡು ಉರುಳುತ್ತಿದ್ದ ಜೀಪಿಗೆ ಹಾರಿ ಹತ್ತಿದ. ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ನನಗೆ ಆ ಹುಡುಗ ಬಹಳ ಹಿಡಿಸಿಬಿಟ್ಟ. ಬಣ್ಣ, ಎತ್ತರ, ಸಂಬಳ, ಯಾವುದನ್ನೂ ನಾನು ಕೇಳಲಿಲ್ಲ.

ಮಾರನೇ ದಿನ ಸೋದರಮಾವ ಮಾತಿನ ಮಧ್ಯೆ ಬಾಯಿ ಬಿಟ್ಟರು. ಹುಡುಗನ ತಂದೆ ಕೊಂಡಿರುವುದು ಅದೇ ಹೊಸಾ ಜೀಪು. ಅಪ್ಪನ ಕೈಯಲ್ಲಿದ್ದ ಕಾಪಿ ಲೋಟ ಹಾಗೇ ನಿಂತಿತು.

"ಊರೂ ಸಪಾಟು, ಗಾಡೀನೂ ಅದು. ಎಸ್ರು ಕದ್ದೋರ ಮನೇಗೆ ನನ್ ಮಗ್ಳ ಕೊಡಾದಾ?"

"ಅವ್ರೇನ್ ಕದ್ರು ಭಾವ? ದುಡ್ಡು ಕೊಟ್ ತಕಂಡವ್ರೆ" ಅಂದರು ಸೋದರಮಾವ.

"ಕದ್ದ ಮಾಲು ತಕಳಾದೂ ತೆಪ್ಪೇಯ."

ಅಮ್ಮ ಈ ಸಲ ಸೌಟು ಕೆಳಗಿಡಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಬಂದಳು. ಒಂದು ಸಲ ಹೋಗಿ ಗಂಡಿನ ಮನೆ ನೋಡಿ ಬರುವುದು, ಆಮೇಲೆ ಬೇಕಾದರೆ ಬೇಡ ಅನ್ನುವುದು ಎಂದು ತೀರ್ಮಾನವಾಯಿತು. ಬಸ್ಸಿನಲ್ಲಿ ಹೋಗೋಣ ಅಂದರೆ ಅಪ್ಪ ಒಪ್ಪಲಿಲ್ಲ. ಅಂಥ ಗಾಡಿ ಇಟ್ಟುಕೊಂಡವರ ಮನೆಗೆ ತಾನು ಬಸ್ಸಿನಲ್ಲಿ ಹೋಗುವುದೇ? ಜೀಪಿನಲ್ಲೇ ಹೋಗಬೇಕು. ಊರು ಸಪಾಟಾದ್ದರಿಂದ ಆಫ್ ಮಾಡುವಂತಿಲ್ಲ. ಆಫ್ ಮಾಡುವಂತಿಲ್ಲವಾದ್ದರಿಂದ ಆಕ್ಸಿಲರೇಟರಿಗೆ ಒಂದು ಕಾಲು ಬೇಕು. ಅಮ್ಮ ಮನೆ ನೋಡಬೇಕು, ಸೋದರಮಾವ ಮಾತಾಡಬೇಕು. ಉಳಿದವಳು ನಾನು.

ನಮ್ಮ ಕಡೆ ನಿಶ್ಚಯವಾಗುವ ಮುಂಚೆ ಹೆಣ್ಣು ಗಂಡಿನ ಮನೆ ಕಡೆ ತಲೆ ಹಾಕುವುದಿಲ್ಲ. "ಎಣ್ಣನ್ನೇ ಎಳ್ಕಂಡ್ ಓದ್ರೆ ಜನ ಏನಂದಾರು?" ಎಂದು ಅಮ್ಮ ಹಣೆ ಚಚ್ಚಿಕೊಂಡಳು. "ಅವ್ಳು ಗಾಡಿಯಿಂದ ಇಳಿಯಾಕಿಲ್ವಲ್ಲ, ಇಳಿದ್ರೆ ತಾನೇ ಬಂದಂಗೆ?" ಎಂದು ಅಪ್ಪ ಶಾಸ್ತ್ರಕ್ಕೆ ತನ್ನದೇ ಒಂದು ಅರ್ಥ ಹೇಳಿದ.

ಹೋಗಿ ಮುಟ್ಟಿದಾಗ ಹನ್ನೊಂದು ಗಂಟೆ ಬಿಸಿಲು. ಕಣ್ಣು ಹಾಯುವಷ್ಟು ದೂರ ಗದ್ದೆ, ಬಯಲು, ಒಂದು ಉಬ್ಬು ಅಂತ ಇಲ್ಲ. ಅಪ್ಪ ಅತ್ತಿತ್ತ ನೋಡಿ ನಿಟ್ಟುಸಿರು ಬಿಟ್ಟು, ಅವರ ಮನೆ ಬಾಗಿಲ ಮುಂದೆಯೇ ಜೀಪು ನಿಲ್ಲಿಸಿ, ನನ್ನ ಕಾಲನ್ನು ತನ್ನ ಕಾಲಿನ ಜಾಗಕ್ಕೆ ದಾಟಿಸಿ ಇಳಿದ. "ಅರ್ಧ ಗಂಟೆ ಕಣವ್ವ" ಅಂದ. ನಾನು ತಲೆ ಮೇಲೆ ಸೆರಗು ಹೊದ್ದು, ಸ್ಟೀರಿಂಗ್ ಹಿಡಿದುಕೊಂಡು ತಲೆ ತಗ್ಗಿಸಿ ಕೂತೆ. ಲಜ್ಜೆಯಿಂದ ತಲೆ ತಗ್ಗಿಸಿದ ಹೆಣ್ಣು ಡ್ರೈವರ್ ಸೀಟಿನಲ್ಲಿ ಕೂತಿರುವುದನ್ನು ಆ ಬೀದಿಯವರು ಮೊದಲು ಕಂಡಿರಲಿಕ್ಕಿಲ್ಲ, ಬಾಗಿಲು ಬಾಗಿಲಿಗೆ ಹೆಂಗಸರು ಬಂದು ನಿಂತರು.

ಹುಡುಗನ ತಂದೆ ಹೊರಗೆ ಬಂದು ಕೈ ಮುಗಿದು ಏನೋ ಹೇಳಿದರು. ಬೆರಳಿನಿಂದ ಕೀ ತಿರುಗಿಸುವ ಹಾಗೆ ಸನ್ನೆ ಮಾಡಿದ್ದರಿಂದ, ಗಾಡಿ ಆಫ್ ಮಾಡಿ ಒಳಗೆ ಬನ್ನಿ ಅಂತ ಹೇಳಿದ್ದಿರಬೇಕು. ಆ ಸದ್ದಿನಲ್ಲಿ ನನಗೆ ಯಾರ ಮಾತೂ ಕೇಳುತ್ತಿರಲಿಲ್ಲ. ಹೊಸಾ ಜೀಪಿನವರ ಮುಂದೆ ಸೆಲ್ಫ್ ಇಲ್ಲ ಅಂತ ಒಪ್ಪಿಕೊಳ್ಳುವುದು ಅಪ್ಪನ ಕೈಲಿ ಆಗದ ಮಾತು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನಲ್ಲಿ ಸೊಪ್ಪು ಬೇಯುತ್ತಿದೆ, ಬೆಂಕಿ ಹಾಕಿ ಬಂದಿದ್ದೀನಿ, ಅರ್ಜೆಂಟಾಗಿ ಹೋಗಬೇಕು, ಇಂಜಿನ್ನು ಚಾಲೂ ಇರಲಿ ಎಂದನಂತೆ. ಆಗಿನ್ನೂ ಸಸಿ ಹೊಲಕ್ಕೆ ಬಿದ್ದು ತಿಂಗಳಾಗಿರಲಿಲ್ಲ, ಬೇಯಿಸಲು ಸೊಪ್ಪಾದರೂ ಎಲ್ಲಿತ್ತು? ಅವರು ಗದ್ದೆಯವರಾದ್ದರಿಂದ ಸುಳ್ಳು ದಕ್ಕಿತು. ಆದರೆ ಬೇರೆ ಥರ ದಕ್ಕಿತು.

ಇಲ್ಲಿ ಒಂದು ಮಾತು ಹೇಳಬೇಕು. ಮನೆ ನೋಡಲು ಹೋದವರು ಕಾಪಿ ತಿಂಡಿ ಯಾರ ಮನೆಯಲ್ಲಾದರೂ ಮುಟ್ಟುತ್ತಾರೆ, ಅನ್ನ ಮುಟ್ಟುವುದು ಸಂಬಂಧ ಒಪ್ಪಿದರೆ ಮಾತ್ರ. ಒಪ್ಪದವರು ಏನಾದರೂ ನೆಪ ಹೇಳಿ ಊಟಕ್ಕೆ ಮುಂಚೆ ಎದ್ದುಬಿಡುತ್ತಾರೆ, ಗಂಡಿನ ಕಡೆಯವರೂ ಅರ್ಥ ಮಾಡಿಕೊಂಡು ಬಲವಂತ ಮಾಡುವುದಿಲ್ಲ. ಯಾರೂ ಬಾಯಿಬಿಟ್ಟು ಬೇಡ ಅನ್ನಬೇಕಾಗಿಲ್ಲ. ಈಗ ನಮ್ಮ ಅಪ್ಪ ಬಂದವನೇ ನೆಪ ಹೇಳಿದ್ದ, ಅದೂ ಬಾಗಿಲಲ್ಲಿ ಇಂಜಿನ್ನು ಗುಡುಗಿಸಿಕೊಂಡು. ಇದಕ್ಕಿಂತ ಜೋರಾಗಿ ಬೇಡ ಅಂದ ಹೆಣ್ಣಿನ ಕಡೆಯವರು ಆ ಸೀಮೆಯಲ್ಲೇ ಇರಲಿಲ್ಲವೇನೋ.

ಕೂತಲ್ಲಿಂದಲೇ ನನಗೆ ಅದು ಗೊತ್ತಾಗುತ್ತಾ ಬಂತು. ಹುಡುಗನ ತಾಯಿ ಎರಡು ಸಲ ಬಾಗಿಲಿಗೆ ಬಂದು ಜೀಪನ್ನೂ ನನ್ನನ್ನೂ ನೋಡಿ, ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದರು. ಹೆಣ್ಣು ಬಾಗಿಲವರೆಗೆ ಬಂದೂ ಇಳಿಯುತ್ತಿಲ್ಲವಲ್ಲ ಅಂತ ಅವರಿಗೆ. ಆಮೇಲೆ ಹುಡುಗನ ತಂದೆ ಅಪ್ಪನನ್ನು ಕೊಟ್ಟಿಗೆ ಪಕ್ಕದ ಷೆಡ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ನಿಂತಿತ್ತು ಹೊಸಾ ಜೀಪು, ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ, ಮೂತಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು. ಬಾನೆಟ್ಟಿನ ಮೇಲೆ ನಮ್ಮದೇ ಹೆಸರು ಫಳಫಳ ಹೊಳೆಯುತ್ತಿತ್ತು. ಅವರು ಕೂತು ಕೀ ತಿರುಗಿಸಿದರು, ಮುಂದಿನ ದೀಪ ಹತ್ತಿತು. ಅಪ್ಪ ಬಾನೆಟ್ಟನ್ನು ಎರಡು ಬೆರಳಲ್ಲಿ ತಟ್ಟಿ ಮುಖ ಒಂದು ಕಡೆಗೆ ಎಳೆದ. ತಗಡು ಅಂದಿದ್ದಾನೆ ಅಂತ ನನಗೆ ಅಷ್ಟು ದೂರದಿಂದಲೇ ತಿಳಿಯಿತು. ಅವರು ನಮ್ಮ ಜೀಪಿನ ಕಡೆ ಕೈ ತೋರಿಸಿ ಏನೋ ಕೇಳಿದರು. ಅಪ್ಪ ಗಲ್ಲ ಮೇಲೆತ್ತಿ ಬೇರೆ ಕಡೆ ನೋಡಿದ. ನನಗೆ ಅಳು ಬರುವ ಹಾಗಾಯಿತು. ಅರ್ಧ ಗಂಟೆ ಕಳೆದು ಮುಕ್ಕಾಲು ಗಂಟೆಯಾಗಿತ್ತು, ಬಲಗಾಲು ಮರಗಟ್ಟಿತ್ತು, ಡೀಸೆಲ್ ಹೊಗೆ ಅವರ ನಡುಮನೆಗೇ ನುಗ್ಗುತ್ತಿತ್ತು. ಕಾಲು ತೆಗೆದರೆ ಇಂಜಿನ್ನು ನಿಲ್ಲುತ್ತದೆ, ಅಪ್ಪನ ಮಾನ ಹೋಗುತ್ತದೆ. ತೆಗೆಯದಿದ್ದರೆ ಸಂಬಂಧ ಹೋಗುತ್ತದೆ.

ಅಷ್ಟರಲ್ಲಿ ಆ ಹುಡುಗ ಡೇರಿಯಿಂದ ಬಂದ. ಒಳಗೆ ಹೋಗಿ, ಒಂದು ಚೊಂಬು ಮಜ್ಜಿಗೆ ಹಿಡಿದುಕೊಂಡು ಹೊರಗೆ ಬಂದು ನನ್ನ ಪಕ್ಕ ನಿಂತ. ಏನೋ ಮೆಲ್ಲಗೆ ಹೇಳಿದ. ನನಗೆ ಕೇಳಲಿಲ್ಲ.

"ಏನಂದ್ರಿ?" ಎಂದು ನಾನು ಕಿರುಚಿದೆ.

"ಸೆಲ್ಫ್ ಇಲ್ಲ ಅಲ್ವಾ ಅಂದೆ!" ಎಂದು ಅವನೂ ಕಿರುಚಿದ. ಎದುರು ಮನೆಯ ಹೆಂಗಸು ಇನ್ನಷ್ಟು ಮುಂದೆ ಬಂದಳು.

"ಐತೆ!" ಅಂದೆ. ಅಪ್ಪನ ಮರ್ಯಾದೆ ಪ್ರಶ್ನೆ.

ಅವನು ನಗಲಿಲ್ಲ. ನನ್ನ ಕಾಲು ನೋಡಿದ, ಚೊಂಬನ್ನು ಸೀಟಿನ ಮೇಲಿಟ್ಟ. "ನೋಡಿ, ಒಳ್ಗೆ ಎಲ್ರೂ ನೀವು ಒಪ್ಲಿಲ್ಲ ಅಂದ್ಕಂಡವ್ರೆ. ನಾನು ಯೋಳುದ್ರೆ ನಂಬ್ತಿಲ್ಲ. ನಮ್ಮವ್ವ ಎಸರಿಟ್ಕಂಡು ಕುಂತದೆ, ನೀರು ಕುದ್ದೂ ಕುದ್ದೂ ಅರ್ಧ ಆಯ್ತು. ಅಕ್ಕಿ ಹಾಕಾದಾ, ಒಲೆ ಆರ್ಸಾದಾ ಅಂತ ಕೇಳ್ತದೆ!"

ಇಷ್ಟನ್ನೂ ಅವನು ಕೊರಳು ಹರಿಯುವ ಹಾಗೆ ಕೂಗಿ ಹೇಳಿದ. ಬೀದಿಯೆಲ್ಲಾ ನಮ್ಮ ಮನೆ ವಿಷಯ ಕೇಳಿಸಿಕೊಂಡಿತು.

"ನಿಮ್ಗೆ?" ಎಂದು ಕೇಳಿದೆ. ಅದನ್ನು ಕೂಗಲು ನನಗೆ ಬಾಯಿ ಬರಲಿಲ್ಲ, ಮೆಲ್ಲಗೇ ಕೇಳಿದೆ. ಅವನಿಗೆ ಹೇಗೆ ತಿಳಿಯಿತೋ, ಕಣ್ಣು ಮುಚ್ಚಿ ತೆಗೆದು, ಹೂಂ ಅನ್ನುವ ಹಾಗೆ ತಲೆಯಾಡಿಸಿದ.

ನಮ್ಮದು ಡೀಸೆಲ್ ಇಂಜಿನ್ನು. ಅದನ್ನು ನಿಲ್ಲಿಸಲು ಸ್ಟೀರಿಂಗ್ ಕೆಳಗಿರುವ ಒಂದು ಗುಂಡಿಯನ್ನು ಹಿಡಿದು, ಪೂರ್ತಿ ನಿಲ್ಲುವವರೆಗೆ ಎಳೆದೇ ಇರಬೇಕು. ಕೈ ತಗುಲಿತು, ಗೊತ್ತಾಗಲಿಲ್ಲ ಅನ್ನುವ ಹಾಗಿಲ್ಲ. ನಾನು ಗುಂಡಿ ಹಿಡಿದು ಎಳೆದೆ. ಜೀಪು ಒಂದು ಸಲ ಮೈ ಕೊಡವಿ, ಇನ್ನೊಂದು ಸಲ ಕೊಡವಿ, ನಿಂತಿತು.

"ಅಕ್ಕಿ ಹಾಕಾಕೆ ಯೋಳಿ" ಅಂದೆ.

ಒಮ್ಮೆಗೇ ಎಲ್ಲಾ ಕೇಳಿಸತೊಡಗಿತು. ನಾಲೆಯ ನೀರು, ಕೊಟ್ಟಿಗೆಯ ಕರು, ಎದುರು ಮನೆಯವಳ ಬಳೆ. ಒಳಗಿನಿಂದ ಮೊರದಲ್ಲಿ ಅಕ್ಕಿ ಕೇರುವ ಸದ್ದೂ ಬಂತು. ಆ ತಾಯಿ ನನ್ನ ಮಾತು ಕೇಳಿಸಿಕೊಂಡುಬಿಟ್ಟಿದ್ದರು.

ಅಪ್ಪ ಷೆಡ್ಡಿನಿಂದ ಓಡಿ ಬಂದ. ಪಂಚೆ ಎತ್ತಿ ಹಿಡಿದಿದ್ದ, ಮುಖ ಬೆಳ್ಳಗಾಗಿತ್ತು. ಹಿಂದೆಯೇ ಹುಡುಗನ ತಂದೆ, ಒಳಗಿನಿಂದ ಅಮ್ಮ, ಸೋದರಮಾವ.

"ಯಾಕವ್ವ, ನಿಂತೋಯ್ತಾ?" ಎಂದು ಕೇಳಿದ. ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ನಿಂತೋಗ್ಲಿಲ್ಲ ಕಣಪ್ಪ. ನಾನೇ ನಿಲ್ಲುಸ್ದೆ."

"ಯಾಕೆ?"

ಅಷ್ಟು ಜನರ ಮುಂದೆ ನನಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ ಇವತ್ತಿಗೂ ಗೊತ್ತಿಲ್ಲ. "ನಂಗೆ ಈ ಮನೇಲಿ ಉಣ್ಬೇಕು ಅನ್ನುಸ್ತು" ಅಂದೆ.

ಅಪ್ಪ ನನ್ನನ್ನು ನೋಡಿದ. ಜೀಪನ್ನು ನೋಡಿದ. ಆ ಹುಡುಗನನ್ನು ನೋಡಿದ. ಅವನ ಸಿಟ್ಟಿನ ಮುಖ, ಬೇಜಾರಿನ ಮುಖ ಎಲ್ಲಾ ನನಗೆ ಗೊತ್ತಿದ್ದವು. ಇದು ಎರಡೂ ಆಗಿರಲಿಲ್ಲ. ಆಮೇಲೆ ಹುಡುಗನ ತಂದೆಯ ಕಡೆ ತಿರುಗಿ, ಕೋರ್ಟಿನಲ್ಲಿ ತಪ್ಪು ಒಪ್ಪಿಕೊಳ್ಳುವವನ ಹಾಗೆ ನೆಟ್ಟಗೆ ನಿಂತು ಹೇಳಿದ. "ಸೆಲ್ಫ್ ಇಲ್ಲ ಕಣ್ರೀ ಇದ್ರಲ್ಲಿ. ಅನ್ನೆರ್ಡು ವರ್ಸದಿಂದ ಇಲ್ಲ. ಬ್ಯಾರನ್ನು ಬೆಂಕಿ ಎಲ್ಲಾ ಸುಳ್ಳು."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಷ್ಟೇನಾ ಯಜಮಾನ್ರೇ? ನಾನೂ ಇಂಥದೇ ಮಡಗಿದ್ದೆ. ಅದ್ಕೂ ಇರ್ಲಿಲ್ಲ. ಈ ಬಯಲ್ನಲ್ಲಿ ದಿನಾ ತಳ್ಳೋರ್ಗೆ ಕಾಪಿ ಕೊಟ್ಟೂ ಕೊಟ್ಟೂ ಸಾಕಾಗಿ ಮಾರ್ದೆ. ಎಸ್ರು ಅದೇ ಅಂತ ಇದ ತಂದೆ. ಕೀ ತಿರುಗ್ಸುದ್ರೆ ಸ್ಟಾರ್ಟ್ ಆಯ್ತದೆ, ಎಲ್ಲಾ ಚೆನ್ನಾಗೈತೆ. ಆದ್ರೆ ನಿಮ್ ಗಾಡಿ ಬೀದಿ ತಿರುಗ್ದಾಗ ಆ ಸದ್ದು ಕೇಳಿ ನನ್ ಮೈ ಜುಂ ಅಂತು. ಒಂದ್ಗಳಿಗೆ ಕುಂತ್ಕತೀನಿ ಅಂತ ಷೆಡ್ನಲ್ಲಿ ಕೇಳುದ್ರೆ ಮುಖ ತಿರುಗುಸ್ಬುಟ್ರಿ."

ನಾನು ಇಳಿದೆ, ಅವರು ಹತ್ತಿ ಕೂತರು. ಆಫ್ ಆದ ಜೀಪಿನಲ್ಲಿ ಗೇರು ಹಾಕುತ್ತಾ, ತೆಗೆಯುತ್ತಾ ಕಾಲು ಗಂಟೆ ಕೂತಿದ್ದರು. ಅಪ್ಪ ಪಕ್ಕದ ಸೀಟಿನಲ್ಲಿ ಕೂತು ಯಾವ ಯಾವ ಭಾಗ ಯಾವ ಯಾವ ಗಾಡಿಯದು ಅಂತ ಒಂದನ್ನೂ ಮುಚ್ಚಿಡದೆ ಹೇಳಿದ. ಅವರೂ ತಮ್ಮ ಹೊಸದು ಮೊದಲನೇ ಮಳೆಗೇ ಎಂಥದೋ ವೈರು ನೆನೆದು ಗಾಜು ಇಳಿಯದೆ, ಏರದೆ ಷೋರೂಮು ಸೇರಿದ್ದನ್ನು ಹೇಳಿಕೊಂಡರು.

ಊಟ ಭರ್ಜರಿಯಾಗಿತ್ತು. ಅಪ್ಪ ಎರಡನೇ ಸಲ ಅನ್ನ ಹಾಕಿಸಿಕೊಂಡದ್ದನ್ನು ನಾನು ಕಂಬದ ಮರೆಯಿಂದ ನೋಡಿದೆ. ನನಗೆ ಒಳಗೆ ಹೋಗುವುದೋ ಬೇಡವೋ ಎಂದು ತಿಳಿಯದೆ ಜಗಲಿಯಲ್ಲೇ ಉಂಡೆ. ಬಡಿಸಿದವರು ನನ್ನ ಅತ್ತೆ.

ಹೊರಡುವ ಹೊತ್ತಾಯಿತು. ಜೀಪು ಸಪಾಟು ನೆಲದಲ್ಲಿ ಗೂಟ ಹೊಡೆದ ಹಾಗೆ ನಿಂತಿತ್ತು. ಗದ್ದೆಗೆ ಹೋದವರು ಇನ್ನೂ ಬಂದಿರಲಿಲ್ಲ. ಹುಡುಗ, ಸೋದರಮಾವ, ಎದುರು ಮನೆಯ ಮುದುಕ ಸೇರಿ ತಳ್ಳಿದರು. ಆಗಷ್ಟೇ ಉಂಡ ಹೊಟ್ಟೆಗಳಿಂದ ಅದು ಎರಡು ಮಾರೂ ಹೋಗಲಿಲ್ಲ. ಉಳಿದದ್ದು ಒಂದೇ ದಾರಿ, ಅದು ಎಲ್ಲರಿಗೂ ಹೊಳೆದಿತ್ತು. ಹುಡುಗನ ತಂದೆ ನೆಲ ನೋಡುತ್ತಾ ನಿಂತರು. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮದುವೆ ಮುರಿಯಲು ಅಪ್ಪನಿಗೆ ಇಷ್ಟೇ ಸಾಕು ಅಂತ ನಮ್ಮಿಬ್ಬರಿಗೂ ಗೊತ್ತಿತ್ತು.

ಅಪ್ಪನೇ ಕೊಟ್ಟಿಗೆಗೆ ಹೋಗಿ ಒಂದು ದಪ್ಪ ಹಗ್ಗ ತಂದ. ಯಾರನ್ನೂ ಮುಟ್ಟಗೊಡದೆ, ಮಂಡಿಯೂರಿ ಕೂತು ಒಂದು ತುದಿಯನ್ನು ನಮ್ಮ ಜೀಪಿನ ಮುಂದಕ್ಕೆ ಬಿಗಿದ. ಇನ್ನೊಂದು ತುದಿಯನ್ನು ಹುಡುಗನ ಕೈಗೆ ಕೊಟ್ಟು, "ನಿಮ್ದನ್ನ ತಕಬನ್ನಿ" ಅಂದ. ಹೊಸಾ ಜೀಪು ಸದ್ದೇ ಇಲ್ಲದೆ ಬಂದು ಮುಂದೆ ನಿಂತಿತು. ಅದರ ಬೆನ್ನಿಗೆ ಗಂಟು ಬಿತ್ತು.

ನಾವೆಲ್ಲಾ ಹಿಂದೆ ಹತ್ತಿ ಕೂತೆವು. ಹಗ್ಗ ಬಿಗಿಯಾಯಿತು, ಚಕ್ರಗಳು ಉರುಳಿದವು. ಬೀದಿಯವರೆಲ್ಲಾ ನೋಡುತ್ತಿದ್ದರು. ಅಪ್ಪನ ಕಿವಿ ಕೆಂಪಗಾಗಿತ್ತು, ಆದರೆ ತಲೆ ತಗ್ಗಿಸಲಿಲ್ಲ. ಸ್ಟೀರಿಂಗ್ ಹಿಡಿದು, ಕ್ಲಚ್ಚಿನ ಮೇಲೆ ಕಾಲಿಟ್ಟು, ಮುಂದಿನ ಗಾಡಿಯ ಕಡೆಗೆ ಕತ್ತು ಚಾಚಿ ಊರಿಗೆ ಊರೇ ಕೇಳುವ ಹಾಗೆ ಕೂಗಿದ:

"ನಿಧಾನ ಎಳೀರಿ, ಅಳೀಮಯ್ಯ!"